ಅಟ್ಟದ ಮೇಲಿನ ಹಲಸಿನ ಹಲಗೆಯಿಂದ ಎಲೆಕ್ಟ್ರಿಕ್ ಗಿಟಾರ್ ಮಾಡಬಹುದೇ?

ಮಲೆನಾಡ ತಂತಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ಅಜ್ಜನ ಮನೆಯ ಮಾಡು ಬಿಚ್ಚಿ ಹೊಸದಾಗಿ ಹೊದಿಸುವಾಗ ಅಟ್ಟದ ಮೇಲೆ ಹಲಸಿನ ಹಲಗೆಗಳು ಸಿಕ್ಕವು. ಅವನ್ನು ಕೊಯ್ಸಿ ಐವತ್ತು ವರ್ಷದ ಮೇಲಾಯಿತು ಎಂದು ಅಪ್ಪ ಹೇಳುತ್ತಾರೆ. ಜೊತೆಗೆ ಹಳೆಯ ಬಾಗಿಲವಾಡದ ಒಂದು ಬೀಟೆ ತುಂಡೂ ಇದೆ. ಎಲ್ಲರೂ ಅವುಗಳಿಂದ ಬೆಂಚು ಮಾಡಿಸೋಣ ಎನ್ನುತ್ತಿದ್ದಾರೆ. ನನಗೆ ಮಾತ್ರ ಅದರಲ್ಲಿ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಮಾದರಿಯ ಒಂದು ಗಿಟಾರ್ ಕಾಣುತ್ತಿದೆ.

ನಾನು ಕಾಲೇಜಿನಿಂದಲೂ ಗಿಟಾರ್ ನುಡಿಸುತ್ತಿದ್ದೇನೆ, ಆದರೆ ಕಟ್ಟಿದ ಅನುಭವವಿಲ್ಲ. ನಮ್ಮೂರಿನ ಆಚಾರಿಯವರ ಬಳಿ ಮರ ಕೊರೆಯುವ ರೂಟರ್, ಕ್ಲಾಂಪ್ ಎಲ್ಲವೂ ಇವೆ, ಅವರಿಗೆ ಉತ್ಸಾಹವೂ ಇದೆ. ಕೈಯಲ್ಲಿರುವ ಹಣ ಇಪ್ಪತ್ತೈದು ಸಾವಿರ. ಹಲಸಿನ ಮರದಲ್ಲಿ ಗಿಟಾರಿನ ಬಾಡಿ (ಒಡಲು) ಮಾಡಲು ಆಗುತ್ತದೆಯೇ? ಬೀಟೆಯಲ್ಲಿ ನೆಕ್ (ಬೆರಳಾಡಿಸುವ ಉದ್ದನೆಯ ಹಿಡಿ) ಅನ್ನೂ ನಾವೇ ಮಾಡಿಕೊಳ್ಳಬಹುದೇ? ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಕೀಸುಳಿ, ಮೈಸೂರು

ತಂಗಿ, ಆ ಹಲಗೆಗಳನ್ನು ದಯವಿಟ್ಟು ಬೆಂಚಿಗೆ ಕೊಡಬೇಡಿ. ನಮ್ಮದು ವೀಣೆ ರಿಪೇರಿ ಮಾಡುವ ಮನೆ. ನಾನು ಹುಟ್ಟಿದಾಗಿನಿಂದ ಹಲಸಿನ ಹೊಟ್ಟಿನ ನಡುವೆಯೇ ಬೆಳೆದವನು. ತಂಜಾವೂರು ವೀಣೆಯ ಕೊಡವನ್ನು ಹಲಸಿನಲ್ಲೇ ಕೊರೆಯುತ್ತಾರೆ. ಒಣಗಿದ ಹಲಸು ಉಳಿಗೆ ಒಗ್ಗುತ್ತದೆ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಮೇಲಾಗಿ ಗೆದ್ದಲಿಗೂ ಅಷ್ಟಾಗಿ ಬಗ್ಗುವುದಿಲ್ಲ. ಗಿಟಾರಿನ ಬಾಡಿಗೆ ಇಷ್ಟು ಗುಣ ಧಾರಾಳವಾಗಿ ಸಾಕು.

ಇಂಥದ್ದೇ ಹಳೆಯ ಮನೆಯ ಮರದಿಂದ ಹುಟ್ಟಿದ ಒಂದು ಗಿಟಾರಿನ ಕಥೆ ನಿಮಗೆ ಗೊತ್ತಿರಬಹುದು. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ಹದಿಹರೆಯದಲ್ಲಿ ತಂದೆಯ ಜೊತೆ ಸೇರಿ 1963ರಲ್ಲಿ ಕಟ್ಟಲು ಶುರು ಮಾಡಿದ ರೆಡ್ ಸ್ಪೆಷಲ್ ಅದು. ನೆಕ್‌ಗೆ ಬಳಸಿದ್ದು ಹಳೆಯ ಬೆಂಕಿಗೂಡಿನ ಮೇಲಿನ ಮಹಾಗನಿ ಪಟ್ಟಿ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಬಾಡಿಯಲ್ಲಿರುವುದು ಹಳೆಯ ಮೇಜಿನ ಓಕ್ ಮರ ಮತ್ತು ಬ್ಲಾಕ್‌ಬೋರ್ಡ್, ಅಂದರೆ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ. ಸ್ವರ ಅಲುಗಿಸುವ ಟ್ರೆಮೊಲೊ ಹಿಡಿಯ ಕೆಳಗಿರುವುದು ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ಕಟ್ಟಿ ಮುಗಿಸಲು ಸುಮಾರು ಎರಡು ವರ್ಷ ಹಿಡಿಯಿತು. ಆ ಧ್ವನಿಗೆ ಬೆಂಕಿಗೂಡಿನ ಮರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಪ್ಪ ಮಗ ಇಬ್ಬರೂ ಒಂದೊಂದು ಅಳತೆಯನ್ನೂ ಲೆಕ್ಕ ಹಾಕಿ ಕೂಡಿಸಿದ್ದರಿಂದ ಆ ಗಿಟಾರ್ ಇಂದಿಗೂ ಶ್ರುತಿಯಲ್ಲಿ ನಿಲ್ಲುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರದ ಜಾತಿಗಿಂತ ಜೋಡಣೆಯ ನಿಖರತೆ ಹತ್ತು ಪಾಲು ಮುಖ್ಯ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ 1949ರಲ್ಲಿ ಮಾಡಿದ ಟೆಲಿಕಾಸ್ಟರಿನ ಮೊದಲ ಮಾದರಿಯ ಬಾಡಿ ಪೈನ್ ಮರದ್ದು. ಆಮೇಲೆ ಆ್ಯಶ್ ಬಂತು, 1956ರ ಹೊತ್ತಿಗೆ ಅವರ ಗಿಟಾರ್‌ಗಳಲ್ಲಿ ಹೆಚ್ಚಿನವಕ್ಕೆ ಆಲ್ಡರ್ ಬಂತು. ಯಾವ ಮರ ಸಲೀಸಾಗಿ ಸಿಗುತ್ತದೆ, ಯಾವುದಕ್ಕೆ ಬಣ್ಣ ಚೆನ್ನಾಗಿ ಕೂರುತ್ತದೆ ಎಂಬುದನ್ನು ನೋಡಿಯೇ ಅವರು ಆರಿಸಿದ್ದು.

ನೀವು ಮೊದಲು ನೋಡಬೇಕಾದದ್ದು ತೂಕ. ಹಲಗೆಯಿಂದ 60 ಸೆಂಟಿಮೀಟರ್ ಉದ್ದ, 20 ಅಗಲ, 5 ದಪ್ಪದ ತುಂಡು ಕೊಯ್ಸಿ ತೂಗಿ. ಅದು ಆರು ಲೀಟರ್ ಗಾತ್ರದ ಮರ. 3.6 ಕಿಲೋ ತೂಗಿದರೆ ಲೀಟರಿಗೆ 600 ಗ್ರಾಂ ಆಯಿತು. ಟೆಲಿಕಾಸ್ಟರ್ ಬಾಡಿ ಸುಮಾರು 40 ಸೆಂಟಿಮೀಟರ್ ಉದ್ದ, 32 ಅಗಲ, ನಾಲ್ಕೂವರೆ ದಪ್ಪ. ಸೊಂಟದ ಬಳಿಯ ವಕ್ರಗಳನ್ನು ಕಳೆದರೆ ನಾಲ್ಕು ಲೀಟರಿಗಿಂತ ತುಸು ಹೆಚ್ಚು ಮರ ಉಳಿಯುತ್ತದೆ. ಅಂದರೆ ನಿಮ್ಮ ಬಾಡಿ ಎರಡೂವರೆ ಕಿಲೋ ಬರುತ್ತದೆ. ಆಲ್ಡರ್ ಆದರೆ ಎರಡು ಕಿಲೋದೊಳಗೆ ಮುಗಿಯುತ್ತಿತ್ತು. ತೇಗ ಇನ್ನೂ ಭಾರ, ಬೀಟೆಯಂತೂ ಮೂರೂವರೆ ಕಿಲೋ. ಹೆಗಲಿಗೆ ಭಾರವಾಗುತ್ತದೆ ಎನಿಸಿದರೆ ಒಳಗೆ ಪೊಳ್ಳು ಮಾಡಿ ಮೇಲೆ ತೆಳು ಹಲಗೆ ಅಂಟಿಸಬಹುದು. ಹಗುರವಾದ ಆ್ಯಶ್ ಸಿಗುವುದು ಕಷ್ಟವಾದಾಗ ಫೆಂಡರ್ ಕಂಪನಿಯೂ 1968ರಲ್ಲಿ ಥಿನ್‌ಲೈನ್ ಹೆಸರಿನಲ್ಲಿ ಪೊಳ್ಳು ಬಾಡಿಯನ್ನೇ ತಂದಿತು.

ಕೊಯ್ಯುವ ಮೊದಲು ಕುಟ್ಟೆ ಹಿಡಿದಿದೆಯೇ ನೋಡಿ. ಹಲಗೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ನಾಲ್ಕು ಸಲ ತಟ್ಟಿ. ಹೊಸ ಹಿಟ್ಟು ಉದುರಿದರೆ ಆ ಭಾಗವನ್ನು ಕತ್ತರಿಸಿ ಎಸೆಯಿರಿ. ಹೊರಗಿನ ಬಿಳಿ ಭಾಗವನ್ನೂ ಬಿಡಿ, ಹಳದಿ ಚೇಗು ಮಾತ್ರ ಇರಲಿ. ಮೊಳೆಗಳಿದ್ದರೆ ಅಯಸ್ಕಾಂತ ಆಡಿಸಿ ಹುಡುಕಿ, ಇಲ್ಲವಾದರೆ ಆಚಾರಿಯವರ ರೂಟರ್ ಬಿಟ್ ಹೋಗುತ್ತದೆ.

ಎರಡು ಹಲಗೆ ಕೂಡಿಸುವಾಗ ಅಂಚುಗಳನ್ನು ಕೀಸುಳಿಯಲ್ಲಿ ಹೊಡೆದು, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ಕೀಸಿ. ಗೆರೆ ಪೂರ್ತಿ ಮಾಯವಾದ ಮೇಲೆಯೇ ಅಂಟು ಹಚ್ಚಬೇಕು. ಸಂದನ್ನು ಕ್ಲಾಂಪ್ ಬಿಗಿದು ಮುಚ್ಚಿದರೆ ಮಲೆನಾಡಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಾಯಿ ಬಿಡುತ್ತದೆ.

ನೆಕ್ ಅನ್ನು ಮಾತ್ರ ಈ ಸಲ ಕೊಂಡುಬಿಡಿ, ಅರ್ಧ ಹಣ ಅದಕ್ಕೇ ಹೋದರೂ ಸರಿ. ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ಸ್ಥಾನ ಕೂದಲೆಳೆಯಷ್ಟು ತಪ್ಪಿದರೂ ಕಿವಿ ಹಿಡಿಯುತ್ತದೆ. 648 ಮಿಲಿಮೀಟರ್ ಉದ್ದದ ತಂತಿಯನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ನಟ್‌ನಿಂದ, ಅಂದರೆ ನೆಕ್‌ನ ತಲೆಯ ಬಳಿ ತಂತಿ ಕೂರುವ ಪಟ್ಟಿಯಿಂದ, 36.37 ಮಿಲಿಮೀಟರಿಗೆ ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು ಅಲ್ಲಿಂದ 34.33. ಹೀಗೆ ಇಪ್ಪತ್ತೊಂದು ಫ್ರೆಟ್. ವೀಣೆಯ ಮೆಟ್ಟಿಲು ಮೇಣದ ಮೇಲೆ ಕೂತಿರುವುದರಿಂದ ಬಿಸಿ ಮಾಡಿ ಸರಿಸುತ್ತೇವೆ. ಗಿಟಾರಿನ ಫ್ರೆಟ್ ಮರದಲ್ಲಿ ಒಮ್ಮೆ ಕೂತರೆ ಅಲ್ಲಿಗೆ ಮುಗಿಯಿತು. ಬೀಟೆ ತುಂಡನ್ನು ಎತ್ತಿಡಿ, ಎರಡನೆಯ ಗಿಟಾರಿನ ಫ್ರೆಟ್‌ಬೋರ್ಡಿಗೆ ಬರುತ್ತದೆ.

ಹಳೆಯ ಫ್ರೆಟ್, ಬೆಂಗಳೂರು

ಕೀಸುಳಿಯವರ ಕೆಲಸದ ಮೇಲೆ ಅಪಾರ ಗೌರವವಿದೆ, ಆದರೆ ಮರದ ವಿಷಯದಲ್ಲಿ ನನ್ನ ಮಾತು ಬೇರೆ. ನಾನು ಸಂಗ್ರಹಕಾರ. ನನ್ನ ಬಳಿಯ ಎರಡು ಟೆಲಿಕಾಸ್ಟರ್‌ಗಳಲ್ಲಿ ಒಂದು ಹಗುರ, ಒಂದು ಭಾರ. ಆಂಪ್ಲಿಫೈಯರ್ ಇಲ್ಲದೆ ಮೀಟಿದರೂ ಎದೆಗೆ ತಾಗುವ ಕಂಪನ ಬೇರೆ ಬೇರೆ. ನುಡಿಸುವವರಿಗೆ ಆ ಅನುಭವ ಮುಖ್ಯವಲ್ಲವೇ?

ಮೇಡಂ, ಕಟ್ಟುವ ಮೊದಲು ಒಳ್ಳೆಯ ಗಿಟಾರ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ. ಫೆಂಡರ್ ಅಳತೆಯ ತಂತಿ 648 ಮಿಲಿಮೀಟರ್, ಗಿಬ್ಸನ್ ಕಂಪನಿಯ ಅಳತೆಯದು ಸುಮಾರು 628. ಅದೇ ತಂತಿ, ಅದೇ ಶ್ರುತಿಯಾದರೂ ಎರಡನೆಯದರಲ್ಲಿ ಬಿಗಿತ ಕಡಿಮೆ, ತಂತಿ ಎಳೆಯಲು ಬೆರಳಿಗೆ ಸುಲಭ. ಫ್ರೆಟ್‌ಬೋರ್ಡಿನ ಉಬ್ಬನ್ನೂ ಗಮನಿಸಿ. ಐವತ್ತರ ದಶಕದ ಫೆಂಡರ್‌ಗಳಲ್ಲಿ ಉಬ್ಬಿನ ತ್ರಿಜ್ಯ ಏಳೂಕಾಲು ಇಂಚು, ಈಗಿನ ಹಲವದರಲ್ಲಿ ಒಂಬತ್ತೂವರೆ. ಹೆಚ್ಚು ಉಬ್ಬಿದ್ದರೆ ಕಾರ್ಡ್ ಹಿಡಿಯಲು ಹಿತ, ಆದರೆ ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದಾಗ ಸ್ವರ ಸತ್ತುಹೋಗುವ ಸಾಧ್ಯತೆ ಇದೆ. ನಿಮ್ಮ ಕೈಗೆ ಯಾವುದು ಹೊಂದುತ್ತದೆ ಎಂದು ತಿಳಿದ ಮೇಲೆ ನೆಕ್ ಕೊಳ್ಳಿ.

ಹಳೆಯ ಬಿಡಿಭಾಗ ಕೊಳ್ಳುವುದಾದರೆ ಪಾಟ್‌ಗಳ (ಧ್ವನಿ ಏರಿಳಿಸಲು ತಿರುಗಿಸುವ ಬಿಡಿಭಾಗ) ಬೆನ್ನಿನ ಮೇಲಿನ ಸಂಖ್ಯೆ ಓದುವುದನ್ನು ಕಲಿಯಿರಿ. ಉದಾಹರಣೆಗೆ 304 6320 ಎಂದಿದ್ದರೆ ಮೊದಲ ಮೂರು ಅಂಕಿ ತಯಾರಕರ ಗುರುತು, ಸ್ಟ್ಯಾಕ್‌ಪೋಲ್ ಕಂಪನಿಯದು. 63 ಎಂದರೆ 1963, ಕೊನೆಯ ಎರಡು ಅಂಕಿ ಆ ವರ್ಷದ ಇಪ್ಪತ್ತನೆಯ ವಾರ. 137 ಎಂದು ಶುರುವಾದರೆ ಸಿಟಿಎಸ್ ಕಂಪನಿಯದು. ಗಿಟಾರ್ ಅದಕ್ಕಿಂತ ಹಿಂದಿನದು ಎಂದು ಮಾರುವವರು ಹೇಳಿದರೆ, ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಬೆಸುಗೆ ಮೊದಲಿನದೇ ಎಂದು ಕಂಡರೆ ಎರಡನೆಯದೇ ನಿಜ.

ಬೀಟೆಯ ಬಗ್ಗೆ ಇನ್ನೊಂದು ಮಾತು. ಮುಂದೆ ಗಿಟಾರನ್ನು ವಿದೇಶಕ್ಕೆ ಒಯ್ಯುವ ಯೋಚನೆ ಇದ್ದರೆ ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿಯಮ ತಿಳಿದಿರಲಿ. ಬ್ರೆಜಿಲ್‌ನ ರೋಸ್‌ವುಡ್ 1992ರಿಂದಲೇ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನಮ್ಮ ಬೀಟೆ ಸೇರಿದಂತೆ ಆ ಕುಲದ ಉಳಿದ ಮರಗಳು 2017ರ ಜನವರಿಯಲ್ಲಿ ಎರಡನೆಯ ಪಟ್ಟಿಗೆ ಬಂದವು. ಆಗ ಗಿಟಾರ್ ಕಂಪನಿಗಳೆಲ್ಲ ಗಲಿಬಿಲಿಗೊಂಡು ಪೌ ಫೆರೊದಂಥ ಬೇರೆ ಮರ ಹುಡುಕಿದವು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ಬಿಡಿ ಮರಕ್ಕೆ ಸಿಕ್ಕಿಲ್ಲ. ಊರಿನಲ್ಲೇ ಆದರೂ ಬೀಟೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಬಾಗಿಲವಾಡದ ತುಂಡನ್ನು ಬೆಂಗಳೂರಿಗೆ ಕಳಿಸಿ ಯಾರಿಂದಲಾದರೂ ಕೊಯ್ಸುವ ಯೋಚನೆ ಇದ್ದರೆ ಮೊದಲು ವಿಚಾರಿಸಿ.

ಕೀಸುಳಿ, ಮೈಸೂರು

ಎದೆಗೆ ತಾಗುವ ಕಂಪನದ ಬಗ್ಗೆ ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ಆದರೆ ಪಿಕಪ್‌ಗೆ ಎದೆ ಇಲ್ಲ. ಅದಕ್ಕೆ ಸಿಗುವುದು ಅಯಸ್ಕಾಂತದ ಮುಂದೆ ಉಕ್ಕಿನ ತಂತಿ ಕದಲಿದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಮಾತ್ರ. ನಿಮ್ಮ ಎರಡು ಗಿಟಾರ್‌ಗಳ ಪಿಕಪ್‌ಗಳನ್ನು ತಂತಿಯಿಂದ ಒಂದೇ ಎತ್ತರಕ್ಕೆ ತಂದು, ಒಂದೇ ತಂತಿ ಹಾಕಿ, ಬೇರೆಯವರು ನುಡಿಸುವಾಗ ಬೆನ್ನು ತಿರುಗಿಸಿ ಕೇಳಿ. ಪಿಕಪ್ ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೆ ಆಗುವ ವ್ಯತ್ಯಾಸವೇ ದೊಡ್ಡದು ಎಂದು ನನ್ನ ಅನುಭವ. ಅದಕ್ಕೇ ತಂಗಿಗೆ ಹೇಳುವುದು, ನೆಕ್ ಆದ ಮೇಲೆ ಹಣ ಪಿಕಪ್‌ಗೆ, ತಂತಿ ಬಿಗಿಯುವ ಟ್ಯೂನರಿಗೆ ಮತ್ತು ಬಾಡಿಯ ಮೇಲೆ ತಂತಿ ಹಿಡಿಯುವ ಬ್ರಿಡ್ಜ್‌ಗೆ ಹೋಗಲಿ. ಮರಕ್ಕೆ ಅಜ್ಜ ಆಗಲೇ ಹಣ ಕೊಟ್ಟಾಗಿದೆ.

ಮಲೆನಾಡ ತಂತಿ, ತೀರ್ಥಹಳ್ಳಿ

ಇಬ್ಬರಿಗೂ ಮನಸಾರೆ ಧನ್ಯವಾದ. ನಿನ್ನೆಯೇ ತುಂಡು ಕೊಯ್ಸಿ ತೂಗಿದೆವು. 3.4 ಕಿಲೋ ಬಂತು. ಕುಟ್ಟೆ ಇಲ್ಲ. ಒಂದು ಹಲಗೆಯ ತುದಿಯಲ್ಲಿ ಮುರಿದ ಮೊಳೆ ಇತ್ತು, ಸುತ್ತಲಿನ ಮರ ಕಪ್ಪಾಗಿದೆ. ಆಚಾರಿಯವರು ಹಲಗೆಗಳನ್ನು ಬೆಳಕಿಗೆ ಹಿಡಿಯುವ ವಿಷಯ ಓದಿ ತುಂಬಾ ಖುಷಿಪಟ್ಟರು, ಅವರ ತಂದೆಯೂ ಹಾಗೆಯೇ ಮಾಡುತ್ತಿದ್ದರಂತೆ. ನೆಕ್ ಕೊಳ್ಳುವುದು ಎಂದು ತೀರ್ಮಾನವಾಯಿತು. ಶಿವಮೊಗ್ಗದ ಗೆಳತಿಯ ಬಳಿ ಎರಡೂ ಅಳತೆಯ ಗಿಟಾರ್‌ಗಳಿವೆ, ಈ ಭಾನುವಾರ ಹೋಗಿ ನುಡಿಸಿ ನೋಡುತ್ತೇನೆ.

ಈಗ ಭಯ ಇರುವುದು ನೆಕ್ ಮತ್ತು ಬ್ರಿಡ್ಜ್ ಒಂದೇ ನೇರದಲ್ಲಿ ಕೂರಿಸುವುದರ ಬಗ್ಗೆ. ನಕ್ಷೆಯನ್ನು ಅಂಟಿಸಿ ಎಲ್ಲ ತೂತುಗಳನ್ನೂ ಒಮ್ಮೆಗೇ ಕೊರೆದುಬಿಡಬಹುದೇ? ಇನ್ನೊಂದು, ನಮ್ಮ ಹಳೆಯ ಮನೆಯಲ್ಲಿ ಆಂಪ್ಲಿಫೈಯರ್ ಯಾವಾಗಲೂ ಗುಂಯ್ ಎನ್ನುತ್ತದೆ. ಹೊಸ ಗಿಟಾರಿನಲ್ಲಿ ಅದಕ್ಕೇನಾದರೂ ಪರಿಹಾರ ಮಾಡಿಕೊಳ್ಳಬಹುದೇ?

ಕೀಸುಳಿ, ಮೈಸೂರು

ಒಮ್ಮೆಗೇ ಕೊರೆಯಲೇಬೇಡಿ. ಮೊದಲು ನೆಕ್ ಕೂರುವ ಗುಂಡಿ: 16 ಮಿಲಿಮೀಟರ್ ಆಳ, ಸುಮಾರು 56 ಅಗಲ. ಆದರೆ ಅಗಲವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ, ಕೈಗೆ ಬಂದ ನೆಕ್‌ನ ಬುಡವನ್ನು ಅಳೆದು ಕೊರೆಯಿರಿ. ಸ್ಕ್ರೂ ಇಲ್ಲದೆ ನೆಕ್ ಅನ್ನು ಗುಂಡಿಯಲ್ಲಿಟ್ಟು, ಅದನ್ನೇ ಹಿಡಿದು ಬಾಡಿ ಎತ್ತಿದಾಗ ಬೀಳದೆ ನಿಂತರೆ ಅದು ಸರಿಯಾದ ಬಿಗಿ. ನಾಲ್ಕು ಸ್ಕ್ರೂಗಳ ತೂತು ಬಾಡಿಯಲ್ಲಿ ಸಡಿಲವಾಗಿರಬೇಕು, ಸ್ಕ್ರೂ ಅಲ್ಲಿ ತಾನಾಗಿ ಜಾರಬೇಕು. ಅದರ ಹಲ್ಲು ನೆಕ್ ಅನ್ನು ಮಾತ್ರ ಕಚ್ಚಲಿ. ಬಾಡಿಯನ್ನೂ ಕಚ್ಚಿದರೆ ಎರಡರ ನಡುವೆ ಸಂದು ಉಳಿದು ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ನೆಕ್‌ನ ಮೇಪಲ್ ಗಟ್ಟಿ ಮರ, ಸ್ಕ್ರೂಗೆ ಸ್ವಲ್ಪ ಮೇಣ ಸವರಿ.

ನೆಕ್ ಬಿಗಿದ ಮೇಲೆ ಬ್ರಿಡ್ಜ್. ನಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ 324 ಮಿಲಿಮೀಟರ್, ಅಲ್ಲಿಂದ ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಮತ್ತೆ 324. ಅತಿ ಸಣ್ಣ ತಂತಿಯ ಸ್ಯಾಡಲ್ ಅನ್ನು ಸುಮಾರು ಮುಂದಕ್ಕೇ ಇಟ್ಟುಕೊಂಡು ಈ ಅಳತೆ ಹಿಡಿಯಿರಿ. ದಪ್ಪ ತಂತಿಗಳಿಗೆ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಸರಿಯಲು ಜಾಗ ಬೇಕು. ಬ್ರಿಡ್ಜ್ ಅನ್ನು ಟೇಪಿನಲ್ಲಿ ಅಂಟಿಸಿ, ಒಂದನೆಯ ಮತ್ತು ಆರನೆಯ ತಂತಿಯ ಜಾಗದಲ್ಲಿ ಹೊಲಿಗೆ ದಾರ ಕಟ್ಟಿ ಟ್ಯೂನರಿನವರೆಗೆ ಎಳೆಯಿರಿ. ಈಗ ಮೇಲಿನಿಂದ ನೋಡಿ. ಫ್ರೆಟ್‌ಬೋರ್ಡಿನ ಕೊನೆಯಲ್ಲಿ ಎರಡೂ ದಾರ ಅಂಚಿನಿಂದ ಒಂದೇ ದೂರದಲ್ಲಿರಬೇಕು. ಒಂದು ದಾರ ಅಂಚಿಗೆ ಒತ್ತಿದ್ದರೆ ಬ್ರಿಡ್ಜ್ ಅನ್ನು ಕೂದಲೆಳೆಯಷ್ಟು ತಳ್ಳಿ, ಮತ್ತೆ ನೋಡಿ. ಮನಸ್ಸಿಗೆ ಒಪ್ಪುವವರೆಗೂ ಡ್ರಿಲ್ ಮುಟ್ಟಬೇಡಿ. ಆ ಕಪ್ಪಾದ ಮೊಳೆ ಭಾಗವನ್ನು ಕಂಟ್ರೋಲ್‌ಗಳು ಕೂರುವ ಗುಂಡಿಯ ಜಾಗಕ್ಕೆ ಬರುವಂತೆ ನಕ್ಷೆ ಇಡಿ, ಹೇಗೂ ಕೊರೆದು ಹೋಗುತ್ತದೆ.

ಗುಂಯ್ ಎನ್ನುವುದರಲ್ಲಿ ಎರಡು ವಿಷಯಗಳಿವೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗಳು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಗನ್ನು ಹೀರುವುದು ಸಹಜ. ಕಂಟ್ರೋಲ್ ಗುಂಡಿಗೂ ಪಿಕಪ್ ಗುಂಡಿಗೂ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಅರಚಾಟ ಸಾಕಷ್ಟು ತಗ್ಗುತ್ತದೆ. ಬ್ರಿಡ್ಜ್ ಕೆಳಗಿನಿಂದ ಗ್ರೌಂಡ್ ತಂತಿ ಎಳೆಯುವುದನ್ನು ಮರೆಯಬೇಡಿ. ಪಾಟ್‌ಗಳು 250 ಕಿಲೋ ಓಮಿನವು ಇರಲಿ. ಎರಡನೆಯದು ನನಗೆ ಹೆಚ್ಚು ಚಿಂತೆಯ ವಿಷಯ. ಆ ಗ್ರೌಂಡ್ ತಂತಿಯಿಂದಾಗಿ ನಿಮ್ಮ ಬೆರಳು ತಾಗುವ ತಂತಿಗಳು ನೇರವಾಗಿ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ಥಿಂಗ್ ತಂತಿ ಇರದಿರುವುದು ಸಾಮಾನ್ಯ. ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಹಾಗೆ ನುಡಿಸುವುದು ಜೀವಕ್ಕೇ ಅಪಾಯ. ಬಾಡಿ ಕೊಯ್ಯುವುದಕ್ಕೂ ಮುಂಚೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಆ ಕೋಣೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಲೀಟರಿಗೆ 570 ಗ್ರಾಂ ಎಂದರೆ ಪೊಳ್ಳು ಮಾಡುವ ಅಗತ್ಯವಿಲ್ಲ, ಗಟ್ಟಿ ಬಾಡಿಯೇ ಇರಲಿ. ಬಣ್ಣ ಬಳಿಯಬೇಡಿ, ಫ್ರೆಂಚ್ ಪಾಲಿಶ್ ಕೊಡಿಸಿ. ಹಲಸಿನ ಹಳದಿ ಬೆಳಕಿಗೆ ಒಡ್ಡಿಕೊಂಡಷ್ಟೂ ಕಂದಾಗುತ್ತಾ ಹೋಗುತ್ತದೆ. ನೆಕ್ ಬಂದ ದಿನ ಬುಡದ ಅಳತೆ ಇಲ್ಲಿ ಹಾಕಿ, ಗುಂಡಿಯ ನಕ್ಷೆಯನ್ನು ನಾನೇ ಬರೆದು ಕೊಡುತ್ತೇನೆ.