ಹುಡುಗನ ಅಮ್ಮ ಎಷ್ಟು ಎತ್ತರ?

ಡಲ್ಲಾಸಿನ ಉತ್ತರಕ್ಕೆ, ಫ್ರಿಸ್ಕೊ, ಪ್ಲೇನೊ, ಆಲನ್ ಕಡೆ ಇರುವ ನಮ್ಮ ಕನ್ನಡದವರಿಗೆ ಡಿಸೆಂಬರ್ ಬಂದರೆ ಎರಡು ಕಾಟ. ಒಂದು ಸೀಡರ್ ಮರದ ಅಲರ್ಜಿ. ಇನ್ನೊಂದು ಕಾಲೇಜು ಫುಟ್‌ಬಾಲ್ ರಿಕ್ರೂಟಿಂಗ್, ಅಂದರೆ ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲಿಗೆ ಕಾಲೇಜುಗಳು ಹೈಸ್ಕೂಲು ಹುಡುಗರನ್ನು ಆರಿಸಿಕೊಳ್ಳುವುದು. ಮೊದಲನೆಯದಕ್ಕೆ ಮಾತ್ರೆ ಸಿಗುತ್ತದೆ.

ಡಿಸೆಂಬರ್ ಮೊದಲ ವಾರ ಹೈಸ್ಕೂಲಿನ ಕೊನೆ ವರ್ಷದ ಹುಡುಗರು ಯಾವ ಕಾಲೇಜಿಗೆ ಆಡುತ್ತೇವೆ ಅಂತ ಸಹಿ ಹಾಕುತ್ತಾರೆ. ಆ ಶನಿವಾರ ನಮ್ಮ ಗುಂಪು ಎಕ್ಸೆಲ್ ಮನೆಯಲ್ಲಿ ಸೇರುವುದು ರೂಢಿ. ಎಕ್ಸೆಲ್ ಅವನ ಹೆಸರಲ್ಲ. ಟೆಕ್ಸಸ್ ಯೂನಿವರ್ಸಿಟಿಗೆ ಬರುವ ಒಬ್ಬೊಬ್ಬ ಹುಡುಗನ ಎತ್ತರ, ತೂಕ, ಓಟದ ಸಮಯವನ್ನೂ ಶೀಟಿನಲ್ಲಿ ಬರೆದಿಡುವವನಿಗೆ ಬೇರೆ ಹೆಸರು ನಿಲ್ಲಲಿಲ್ಲ. ಅವನೇನು ಆ ಯೂನಿವರ್ಸಿಟಿಯಲ್ಲಿ ಓದಿದವನಲ್ಲ. ಓದಿದ್ದು ದಾವಣಗೆರೆಯಲ್ಲಿ. ಇನ್ನೊಬ್ಬ ನಮ್ಮ ಹುಬ್ಬಳ್ಳಿ. ಅವನು ಟೆಕ್ಸಸ್‌ನ ಹಳೇ ಎದುರಾಳಿ ಒಕ್ಲಹೋಮ ಯೂನಿವರ್ಸಿಟಿ ಕಡೆ. ಯಾಕೆ ಅಂದರೆ ಎಕ್ಸೆಲ್ ಟೆಕ್ಸಸ್ ಕಡೆ, ಅಷ್ಟೇ.

ಈ ಸಲ ಎಕ್ಸೆಲ್‌ನ ಮಾವನವರೂ ಇದ್ದರು. ಅರಸೀಕೆರೆ ಕಡೆ ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು. ತಾಲ್ಲೂಕು ಮಟ್ಟದ ಕಬಡ್ಡಿ, ಖೋಖೋ ತಂಡಗಳನ್ನು ಆರಿಸಿ ಆರಿಸಿ ಕಣ್ಣು ಪಳಗಿದೆ. ಬಂದಿರುವುದು ಆರು ತಿಂಗಳಿಗೆ. ನಾಲ್ಕು ತಿಂಗಳು ಮುಗಿದಿತ್ತು, ಸಹನೆಯೂ.

“ನೋಡಿ ಮಾವ, ಈ ಹುಡುಗ ಐದು ಸ್ಟಾರ್,” ಎಂದು ಎಕ್ಸೆಲ್ ಟಿವಿಯಲ್ಲಿ ಒಬ್ಬನನ್ನು ತೋರಿಸಿದ.

“ಏನು ಹಾಗಂದ್ರೆ?”

“ಎರಡರಿಂದ ಐದರವರೆಗೆ ಸ್ಟಾರ್ ಕೊಡ್ತಾರೆ. ಐದು ಸ್ಟಾರ್ ಅಂದರೆ ಮುಂದೆ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವಾಗ, ಮೊದಲ ಸುತ್ತಿಗೇ ಹೋಗಬಹುದಾದ ಹುಡುಗ. ಮೊದಲ ಸುತ್ತಿನಲ್ಲಿ ಇರೋದು 32 ಜಾಗ. ಅದಕ್ಕೇ ಸ್ಟಾರ್ ಕೊಡೋ ವೆಬ್‌ಸೈಟ್ 247ಸ್ಪೋರ್ಟ್ಸ್‌ನವರು ವರ್ಷಕ್ಕೆ ಸುಮಾರು 32 ಜನಕ್ಕೆ ಮಾತ್ರ ಐದು ಸ್ಟಾರ್ ಕೊಡೋದು.”

“ಕೊಡೋರು ಆಡಿದವರಾ?”

“ಕೆಲವರು.”

“ಮಿಕ್ಕವರು?”

“ನೋಡಿದವರು.”

ಮೇಷ್ಟ್ರು ಹೂಂ ಅಂದು ಮಂಡಕ್ಕಿಗೆ ಕೈ ಹಾಕಿದರು. ಎರಡು ಮುಕ್ಕಿದ ಮೇಲೆ ಶುರುವಾಯಿತು.

“ಎತ್ತರ ಎಷ್ಟು?”

“ಆರಡಿ ಎರಡಿಂಚು.”

“ಅಳೆದವರು ಯಾರು?”

“ಶಾಲೆಯವರು ಬರ್ಕೊಂಡಿರೋದು.”

“ಶಾಲೆಯವರ ಲೆಕ್ಕ ನಂಗೆ ಹೇಳ್ಬೇಡಿ. ಹದಿನಾರು ವರ್ಷದ ಒಳಗಿನ ತಂಡಕ್ಕೆ ಹುಡುಗರ ಮೀಸೆ ಬೋಳಿಸಿ ಕರ್ಕೊಂಡು ಹೋದವನು ನಾನು. ಓಟ?”

“ನಲವತ್ತು ಗಜ, 4.4 ಸೆಕೆಂಡ್.”

“ಸ್ಟಾಪ್‌ವಾಚ್ ಯಾರ ಕೈಲಿತ್ತು?”

“ಅವರ ಕೋಚ್ ಕೈಲಿ.”

“ಹಂಗಾದ್ರೆ ಹುಡುಗನಿಗಿಂತ ಕೋಚಿನ ಹೆಬ್ಬೆರಳು ಸ್ಪೀಡು.”

ಎಕ್ಸೆಲ್ ಮುಖ ಸಣ್ಣದಾಯಿತು. ಆದರೆ ಮೇಷ್ಟ್ರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಇಲ್ಲಿನ ಕೋಚುಗಳೂ ಇದನ್ನೇ ಕೇಳುತ್ತಾರೆ. ಅದಕ್ಕೇ ಕ್ಯಾಂಪುಗಳಲ್ಲಿ ಶೂ ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಕೈ ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆಯುತ್ತಾರೆ. ಅಂಗೈ ಅಳೆಯುತ್ತಾರೆ. ಆರಡಿ ಎರಡಿಂಚು ಅಂತಿದ್ದವನು ಅಲ್ಲಿ ಆರಡಿ ಅರ್ಧ ಇಂಚಿಗೆ ಇಳಿಯುವುದು ಮಾಮೂಲು. ಓಟಕ್ಕೆ ನಂಬುವುದು ಅಥ್ಲೆಟಿಕ್ಸ್ ಕೂಟದ ನೂರು ಮೀಟರ್ ಸಮಯವನ್ನು. ಅಲ್ಲಿ ಯಂತ್ರ ಲೆಕ್ಕ ಇಡುತ್ತದೆ, ಹೆಬ್ಬೆರಳಿಗೆ ಕೆಲಸ ಇಲ್ಲ.

“ವಯಸ್ಸು?”

“ಸದ್ಯದಲ್ಲೇ ಹತ್ತೊಂಬತ್ತು.”

“ಹೈಸ್ಕೂಲಿನಲ್ಲಿ ಹತ್ತೊಂಬತ್ತಾ? ಫೇಲಾಗಿದ್ನಾ?”

ಟೆಕ್ಸಸ್ ಕಡೆ ಕೆಲವು ಅಪ್ಪಂದಿರು ಏಳನೆಯದೋ ಎಂಟನೆಯದೋ ತರಗತಿಯಲ್ಲಿ ಮಗನನ್ನು ಬೇಕೆಂದೇ ಇನ್ನೊಂದು ವರ್ಷ ಕೂರಿಸುತ್ತಾರೆ, ಮೈ ತುಂಬಿಕೊಳ್ಳಲಿ ಅಂತ, ಎಂದು ನಾನು ವಿವರಿಸಿದೆ. ಮೇಷ್ಟ್ರು ಕನ್ನಡಕ ತೆಗೆದರು. “ನಾವು ಬರೀ ಹುಟ್ಟಿದ ತಾರೀಕು ತಿದ್ದುತ್ತಿದ್ದೆವು. ಇವರು ಹುಡುಗನನ್ನೇ ತಿದ್ದುತ್ತಾರಾ! ಅದೂ ಕಾನೂನು ಪ್ರಕಾರ!” ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರಿಗೆ ಅಮೆರಿಕ ಮೆಚ್ಚುಗೆಯಾದ ಹಾಗೆ ಕಂಡಿತು.

ಹುಬ್ಬಳ್ಳಿಗೆ ಇನ್ನು ತಡೆಯಲಾಗಲಿಲ್ಲ. “ಎತ್ತರ ಎತ್ತರ ಅಂತ ಹೊಡ್ಕೋತೀರಲ್ರಿ ಸರ, ಕೈಲರ್ ಮರ್ರೇ ಎಷ್ಟು ಎತ್ತರ ಗೊತ್ತೇನ್ರಿ? ಐದಡಿ ಹತ್ತಿಂಚು. ಇಲ್ಲೇ ಆಲನ್ ಹೈಸ್ಕೂಲಿನ ಹುಡುಗ. ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ 42 ಪಂದ್ಯದಾಗ 42 ಗೆದ್ದಾನ. ಆಮೇಲೆ ನಮ್ಮ ಒಕ್ಲಹೋಮಕ್ಕ ಬಂದು 2018ರಾಗ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ. 2019ರ ಡ್ರಾಫ್ಟಿನಾಗ ಎಲ್ಲಾರಕಿಂತ ಮೊದಲನೇ ನಂಬರ್!”

“ಮೊದಲು ಹೋಗಿದ್ದು ಟೆಕ್ಸಸ್ ಎ ಆ್ಯಂಡ್ ಎಂ ಯೂನಿವರ್ಸಿಟಿಗೆ,” ಎಂದ ಎಕ್ಸೆಲ್. “ಮತ್ತೆ ಅವನಿಗೂ ಐದು ಸ್ಟಾರೇ ಇತ್ತು. ಅಂದಮೇಲೆ ಸ್ಟಾರ್ ಕೊಟ್ಟವರೇ ಗೆದ್ದರು.”

ಆಲನ್ ಹೈಸ್ಕೂಲಿನ ಸ್ಟೇಡಿಯಂ ಮಾತು ಬಂದದ್ದೂ ಆಗಲೇ. 18 ಸಾವಿರ ಜನ ಕೂರಬಹುದು. ಖರ್ಚು 60 ಮಿಲಿಯನ್ ಡಾಲರ್. 2012ರಲ್ಲಿ ತೆರೆದರು, 2014ರಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಮುಚ್ಚಿದರು, ರಿಪೇರಿ ಮಾಡಿ ಮತ್ತೆ ತೆರೆದರು. “ಹೈಸ್ಕೂಲಿಗೆ?” ಎಂದು ಮೇಷ್ಟ್ರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕಾಂಕ್ರೀಟು ಬಿರುಕು ಬಿಟ್ಟ ವಿಷಯ ಕೇಳಿ ಮಾತ್ರ ಸ್ವಲ್ಪ ಸಮಾಧಾನವಾಯಿತು. ಕಂಟ್ರಾಕ್ಟರು ಎಲ್ಲ ಕಡೆ ಒಂದೇ ಅಂದರು.

“ಸರಿ, ಕಾಗದದ ಮೇಲಿನ ಲೆಕ್ಕ ಆಯ್ತು. ಹುಡುಗನ ಮನೆಗೆ ಹೋಗಿ ನೋಡ್ತಾರೋ ಇಲ್ವೋ?”

“ನೋಡದೆ ಉಂಟಾ! ಹೆಡ್ ಕೋಚೇ ಮನೆಗೆ ಬರ್ತಾನೆ.”

ಇದು ನನಗೆ ತುಂಬಾ ಇಷ್ಟವಾದ ಭಾಗ. ವರ್ಷಕ್ಕೆ ಮಿಲಿಯನ್‌ಗಟ್ಟಲೆ ಡಾಲರ್ ಸಂಬಳ ತೆಗೆದುಕೊಳ್ಳುವ ಕೋಚು ಹದಿನೇಳು ವರ್ಷದ ಹುಡುಗನ ಮನೆ ಸೋಫಾದ ತುದಿಯಲ್ಲಿ ಕೂರುತ್ತಾನೆ. ಅಡುಗೆ ಹೊಗಳುತ್ತಾನೆ. ಬೇಡ ಅಂದರೂ ಎರಡನೇ ಸಲ ಬಡಿಸಿದ್ದನ್ನು ತಿನ್ನುತ್ತಾನೆ. ಅಜ್ಜಿಯ ಮಂಡಿನೋವು ವಿಚಾರಿಸುತ್ತಾನೆ. ನಮ್ಮ ಹೆಣ್ಣು ನೋಡುವ ಶಾಸ್ತ್ರವೇ. ಉಪ್ಪಿಟ್ಟು ಕೇಸರಿಬಾತು ಇಲ್ಲ, ಅಷ್ಟೇ. ಬಾಯಲ್ಲಿ ಮಾತು ನಡೆಯುತ್ತಿರುತ್ತದೆ, ಕಣ್ಣು ಬೇರೆ ಕೆಲಸ ಮಾಡುತ್ತಿರುತ್ತದೆ. ಹುಡುಗನ ಮಣಿಕಟ್ಟು ಎಷ್ಟು ದಪ್ಪ? ಬಾಗಿಲ ಬಳಿ ಬಿಟ್ಟ ಶೂ ಯಾವ ಸೈಜು? ಅಣ್ಣ ಇದ್ದರೆ ಅವನು ಹೈಸ್ಕೂಲು ಮುಗಿದ ಮೇಲೂ ಬೆಳೆದನಾ? ಎಲ್ಲಕ್ಕಿಂತ ಮುಖ್ಯ, ಅಮ್ಮ ಎಷ್ಟು ಎತ್ತರ?

“ಅಮ್ಮನ ಎತ್ತರ ಯಾಕಲೇ?” ಎಂದು ಹುಬ್ಬಳ್ಳಿ ಕೇಳಿದ.

“ಅಮ್ಮ ಐದಡಿ ಹನ್ನೊಂದು ಅಂದರೆ ಹುಡುಗ ಇನ್ನೂ ಬೆಳೀತಾನೆ. ಈಗ 100 ಕೆಜಿ ಇದ್ದರೂ ಮೂಳೆ ಮೇಲೆ ಇನ್ನೂ 30 ಕೆಜಿ ಕೂರಿಸಬಹುದು. ಅಪ್ಪ ಅಮ್ಮ ಇಬ್ಬರೂ ಕುಳ್ಳಗಿದ್ದು ಹುಡುಗನಿಗೆ ಈಗಲೇ ಗಡ್ಡ ಬಂದಿದ್ದರೆ ಅವನು ಬೆಳೆಯೋದು ಮುಗೀತು ಅಂತ.”

“ಅದೇ ಮತ್ತೆ!” ಮೇಷ್ಟ್ರು ತೊಡೆ ತಟ್ಟಿದರು. “ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರನ್ನೂ ಎತ್ತಿ ಒಗೆಯುವವನು ಪಿಯುಸಿಗೆ ಬಂದಾಗ ಅಲ್ಲೇ ಇರ್ತಾನೆ. ಉಳಿದವರು ಅವನ ತಲೆ ಮೇಲೆ ಬೆಳೆದಿರ್ತಾರೆ. ಬೇಗ ಬಲಿತವನನ್ನು ನೋಡಿ ಚೆನ್ನಾಗಿ ಆಡ್ತಾನೆ ಅಂದ್ಕೋತೀವಿ.”

ರಿಕ್ರೂಟಿಂಗಿನ ಬಹುಪಾಲು ಗುಟ್ಟು ಇಷ್ಟೇ ಅಂತ ನನ್ನ ಅನಿಸಿಕೆ. ಆಟ ನೋಡುತ್ತಿದ್ದೇವೆ ಅಂದುಕೊಂಡು ಮೀಸೆ ಬಂದ ವಯಸ್ಸು ನೋಡುತ್ತಿರುತ್ತೇವೆ.

ಲೇನ್ ಜಾನ್ಸನ್ ಕತೆ ತೆಗೆದವನು ಹುಬ್ಬಳ್ಳಿ. ಒಕ್ಲಹೋಮದವನು ಅಂದಮೇಲೆ ತೆಗೆಯದೆ ಇರುತ್ತಾನಾ? ಪೂರ್ವ ಟೆಕ್ಸಸ್‌ನ ಗ್ರೋವ್‌ಟನ್ ಎಂಬ ಪುಟ್ಟ ಊರಿನ ಹುಡುಗ. ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು. ದೊಡ್ಡ ಕಾಲೇಜು ಸಿಗದೆ ಕಿಲ್ಗೋರ್ ಎಂಬ ಎರಡು ವರ್ಷದ ಕಾಲೇಜಿಗೆ ಹೋದ. ಅಲ್ಲೂ ಚೆಂಡು ಎಸೆದ. ಒಕ್ಲಹೋಮಕ್ಕೆ ಬಂದಮೇಲೆ ಟೈಟ್ ಎಂಡ್ ಆದ, ಅಂದರೆ ಎದುರಾಳಿಯನ್ನು ತಡೆಯುವ, ಚೆಂಡು ಹಿಡಿಯುವ ಎರಡೂ ಕೆಲಸ, ಆಮೇಲೆ ಡಿಫೆನ್ಸಿಗೆ ಹಾಕಿದರು. ಮೈ ಬೆಳೆಯುತ್ತಲೇ ಇತ್ತು. ಕೊನೆಗೆ ಟ್ಯಾಕಲ್ ಜಾಗದಲ್ಲಿ ನಿಲ್ಲಿಸಿದರು. ಅಂದರೆ ಚೆಂಡು ಎಸೆಯುವವನ ಮುಂದೆ ಗೋಡೆ ಹಾಗೆ ನಿಂತು ಕಾಯುವ ಕೆಲಸ. 2013ರ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದ, ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲನ್ನು ಎರಡು ಸಲ ಗೆದ್ದ. ಗ್ರೋವ್‌ಟನ್‌ನಲ್ಲಿ ಅವನನ್ನು ನೋಡಿದವರು ಯಾರಾದರೂ ‘ಇವನು ಮುಂದೆ 135 ಕೆಜಿ ದಾಟುತ್ತಾನೆ, ಗೋಡೆ ಆಗುತ್ತಾನೆ’ ಅಂತ ಬರೆದಿದ್ದರೆ ಅವರಿಗೆ ಆರು ಸ್ಟಾರ್ ಕೊಡಬೇಕು.

“ಜೆ.ಜೆ. ವಾಟ್‌ಗೆ ಎರಡೇ ಸ್ಟಾರ್ ಇದ್ದವು,” ಎಂದೆ ನಾನು. “ಸೆಂಟ್ರಲ್ ಮಿಷಿಗನ್ ಯೂನಿವರ್ಸಿಟಿ ಬಿಟ್ಟು ಬಂದು ಪಿಜ್ಜಾ ಡೆಲಿವರಿ ಮಾಡಿದ್ದ. ವಿಸ್ಕಾನ್ಸಿನ್‌ಗೆ ಸ್ಕಾಲರ್‌ಶಿಪ್ ಇಲ್ಲದೆ ಸೇರಿಕೊಂಡ. ಆಮೇಲೆ ಎನ್‌ಎಫ್‌ಎಲ್‌ನಲ್ಲಿ ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ.”

“ಜಾಷ್ ಆಲನ್ ಹೇಳಲೇ!” ಎಂದ ಹುಬ್ಬಳ್ಳಿ. “ಕ್ಯಾಲಿಫೋರ್ನಿಯಾದ ರೈತರ ಮಗ. ಒಂದು ದೊಡ್ಡ ಕಾಲೇಜೂ ಕರೀಲಿಲ್ಲ. ತಾನೇ ಕುಂತು ದೇಶದಾಗಿನ ಕೋಚುಗಳಿಗೆಲ್ಲ ಈಮೇಲ್ ಬರದಾನ. ಕೊನೀಗೆ ವಯೋಮಿಂಗ್ ಕರೀತು. 2024ರ ಸೀಸನ್ನಿಗೆ ಎನ್‌ಎಫ್‌ಎಲ್ ಎಂವಿಪಿ, ಅಂದ್ರ ವರ್ಷದ ಅತ್ಯುತ್ತಮ ಆಟಗಾರ, ಅವನಽ!”

“ಬಂತು,” ಎಂದು ಎಕ್ಸೆಲ್ ಲ್ಯಾಪ್‌ಟಾಪ್ ತೆರೆದ. ನಮಗೆಲ್ಲ ಗೊತ್ತಿರುವ ಭಾಷಣ ಶುರುವಾಯಿತು. ಆದರೆ ಅವನು ಹೇಳುವುದು ಸುಳ್ಳಲ್ಲ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವವರು ಹತ್ತು ಲಕ್ಷ ಜನ. ಐದು ಸ್ಟಾರ್ ಸಿಗುವುದು ಮೂವತ್ತು ಚಿಲ್ಲರೆ ಹುಡುಗರಿಗೆ. ಮೂರು ಸ್ಟಾರಿನವರು ಸಾವಿರಕ್ಕೂ ಜಾಸ್ತಿ. ಸಾವಿರ ಜನರಲ್ಲಿ ಕೆಲವರು ಮೇಲೆ ಬಂದೇ ಬರುತ್ತಾರೆ. ಅವರ ಕತೆ ಸೊಗಸಾಗಿರುವುದರಿಂದ ನಾವು ಅದನ್ನೇ ಹೇಳುತ್ತೇವೆ. ಒಬ್ಬೊಬ್ಬರನ್ನು ಹಿಡಿದು ಲೆಕ್ಕ ಹಾಕಿದರೆ ಐದು ಸ್ಟಾರಿನವನು ಡ್ರಾಫ್ಟ್ ಆಗುವ ಸಾಧ್ಯತೆ ಎಷ್ಟೋ ಪಟ್ಟು ಜಾಸ್ತಿ. “2011ರಿಂದ 2024ರ ಸೀಸನ್‌ವರೆಗೆ ಕಾಲೇಜು ಚಾಂಪಿಯನ್ ಆದ ಒಂದೊಂದು ತಂಡವೂ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ನಾಲ್ಕು, ಐದು ಸ್ಟಾರಿನವರೇ. ಪಿಜ್ಜಾ ಹುಡುಗರನ್ನು ನಂಬಿ ಯಾರೂ ತಂಡ ಕಟ್ಟಲ್ಲ.”

“ಆ ಸ್ಟಾರು ಹೆಂಗ ಏರ್ತಾವ ಅದನ್ನೂ ಹೇಳಲೇ ಮತ್ತ,” ಎಂದ ಹುಬ್ಬಳ್ಳಿ. “ಇವತ್ತು ಮೂರು ಸ್ಟಾರ್. ನಾಳೆ ಅಲಬಾಮದಂಥಾ ದೊಡ್ಡ ಟೀಮಿನ ಕೋಚು ಕರೆದ್ರ, ನಾಡಿದ್ದು ನಾಲ್ಕು. ರಾತ್ರೋರಾತ್ರಿ ಹುಡುಗ ಬೆಳೆದ್ನೇನು?”

ಎಕ್ಸೆಲ್ ಉತ್ತರ ಕೊಡದೆ ಮಂಡಕ್ಕಿ ತರಲು ಎದ್ದ.

ಹದಿನೇಳರ ಹುಡುಗನನ್ನು ಅಳೆಯುವುದೇ ಇಷ್ಟು ಕಷ್ಟ ಅಂದರೆ ಹದಿಮೂರರವನನ್ನು? 2010ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಡೇವಿಡ್ ಸಿಲ್ಸ್ ಎಂಬ ಏಳನೇ ತರಗತಿ ಹುಡುಗನಿಗೆ ಕ್ವಾರ್ಟರ್‌ಬ್ಯಾಕ್ ಜಾಗದ ಮಾತು ಕೊಟ್ಟಿತ್ತು. ಹುಡುಗ ಕಾಲೇಜಿಗೆ ಬರುವಷ್ಟರಲ್ಲಿ ಮಾತು ಕೊಟ್ಟ ಕೋಚಿನ ಕೆಲಸವೇ ಹೋಗಿತ್ತು. ಸಿಲ್ಸ್ ಕೊನೆಗೆ ವೆಸ್ಟ್ ವರ್ಜೀನಿಯಾದಲ್ಲಿ ಚೆಂಡು ಎಸೆಯುವ ಬದಲು ಹಿಡಿಯುವವನಾದ. ಚೆನ್ನಾಗಿಯೇ ಹಿಡಿದ. ಯಾರೂ ಕರೆಯದ ಹುಡುಗನ ಕತೆಯೂ ಇದೆ. 2008ರಲ್ಲಿ ನೆವಾಡಾದ ಫರ್ನ್ಲಿ ಎಂಬ ಊರಿನಲ್ಲಿ ಒಬ್ಬ ಮೇಜಿನ ಮೇಲೆ ಕಾಲೇಜುಗಳ ಟೋಪಿಗಳನ್ನಿಟ್ಟು, ಶಾಲೆಯವರೆಲ್ಲ ಸೇರಿದ್ದಾಗ, ಇದೇ ನನ್ನ ಕಾಲೇಜು ಅಂತ ಬರ್ಕ್ಲಿಯ ಟೋಪಿ ಹಾಕಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಯಾವ ಕಾಲೇಜೂ ಅವನನ್ನು ಕರೆದೇ ಇರಲಿಲ್ಲ. ಇದಕ್ಕೆ ನಗಬೇಕೋ ಬೇಡವೋ ನಮಗ್ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು “ಪಾಪ, ಕೂಸು” ಅಂದರು.

“ದುಡ್ಡು ಎಷ್ಟು ಕೊಡ್ತಾರೆ?”

ಈ ಪ್ರಶ್ನೆ ಬರಲೇಬೇಕಿತ್ತು. ನಮ್ಮಿಂದ ಅರ್ಧ ಗಂಟೆ ದಾರಿಯ ಎಸ್‌ಎಂಯು ಯೂನಿವರ್ಸಿಟಿ ಹಿಂದೆ ಆಟಗಾರರಿಗೆ ಕದ್ದುಮುಚ್ಚಿ ದುಡ್ಡು ಕೊಟ್ಟು ಸಿಕ್ಕಿಬಿತ್ತು. 1987ರ ಇಡೀ ಸೀಸನ್ ರದ್ದು. ಆ ತಂಡ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು. ಈಗ? 2021ರ ಜುಲೈನಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರಿಂದ ಕಾಲೇಜೇ ನೇರವಾಗಿ ಹಂಚಬಹುದು, ಎಲ್ಲ ಆಟಗಳಿಗೂ ಸೇರಿ ಮೊದಲ ವರ್ಷಕ್ಕೆ ಸುಮಾರು 20.5 ಮಿಲಿಯನ್ ಡಾಲರ್‌ವರೆಗೆ.

“ಹಂಗಾದ್ರೆ ಹಸಿ ಹುಡುಗನಿಗೆ ಯಾಕೆ ಸುರೀಬೇಕು? ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ತೋರಿಸಿದವನನ್ನೇ ಎಳ್ಕೊಂಡು ಬಂದ್ರಾಯ್ತು.”

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಪಟ್ಟಿಯ ಹೆಸರು ಕೂಡ ಕೇಳದೆ ಮೇಷ್ಟ್ರು ಅಲ್ಲಿಗೇ ಬಂದು ನಿಂತಿದ್ದರು. ಇಂಡಿಯಾನಾ ಯೂನಿವರ್ಸಿಟಿ ಮಾಡಿದ್ದು ಇದನ್ನೇ. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ತಂಡ. ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದ, ತನ್ನ ಹಳೇ ಕಾಲೇಜಿನ ಆಟಗಾರರನ್ನೂ ಜೊತೆಗೆ ಕರೆತಂದ. ಸ್ಟಾರ್ ನೋಡಲಿಲ್ಲ, ಆಡಿದ್ದನ್ನು ನೋಡಿದ. 2024ರಲ್ಲಿ 11 ಗೆಲುವು. ಈ ದಾರಿಯಿಂದ ಪೆಟ್ಟು ತಿನ್ನುವವನು ನಿಧಾನಕ್ಕೆ ಬೆಳೆಯುವ ಹೈಸ್ಕೂಲು ಹುಡುಗ. ಅವನು ಬೆಳೆಯುವವರೆಗೆ ಕಾಯುವ ತಾಳ್ಮೆ ಯಾರಿಗಿದೆ ಈಗ? ನನಗಂತೂ ಇದು ಬೇಜಾರಿನ ವಿಷಯ. ಹುಬ್ಬಳ್ಳಿಗೆ ಇನ್ನೂ ಜಾಸ್ತಿ ಬೇಜಾರು. ಅವನ ಮಗ ಹತ್ತನೇ ತರಗತಿ, ಶಾಲೆಯ ಬಿ ಟೀಮಿನಲ್ಲಿ ಕಿಕ್ಕರ್.

ಹುಡುಗ ಮಹಡಿಯಿಂದ ಇಳಿದು ಬಂದ. ಅಪ್ಪನೇ ಕರೆದದ್ದು, ಅದರಲ್ಲಿ ಗುಟ್ಟೇನಿಲ್ಲ. ಮೇಷ್ಟ್ರು ಕುರ್ಚಿಯಿಂದ ಎದ್ದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವನ ಪಾದ ನೋಡಿದರು. ಹಿಮ್ಮಡಿ ಒತ್ತಿದರು. ಒಂಟಿ ಕಾಲಲ್ಲಿ ನಿಲ್ಲಿಸಿದರು. ಬಲಗಾಲು ಬೀಸಲು ಹೇಳಿ ಕಣ್ಣನ್ನು ಮಾತ್ರ ಎಡಗಾಲಿನ ಮೇಲೆ ಇಟ್ಟರು. “ಒದೆಯುವ ಕಾಲನ್ನು ಎಲ್ಲರೂ ನೋಡ್ತಾರೆ. ನಿಂತ ಕಾಲು ಅಲ್ಲಾಡ್ತಾ ಇದೆ, ಅದನ್ನು ಸರಿ ಮಾಡ್ಕೋ. ಪಾದ ದೊಡ್ಡದಿದೆ, ಮೈ ಇನ್ನೂ ಬರಬೇಕು. ಇವನ ಅಮ್ಮ ಎಲ್ಲಿ?”

ಅಡುಗೆ ಮನೆಯಿಂದ ಹುಬ್ಬಳ್ಳಿಯ ಹೆಂಡತಿ ಸೌಟು ಹಿಡಿದೇ ಬಂದರು. “ಐದಡಿ ಒಂದಿಂಚು ಅದೀನ್ರಿ ಸರ. ಮಂಗಳವಾರ ಇವಂದು ಕೆಮಿಸ್ಟ್ರಿ ಪರೀಕ್ಷೆ ಐತಿ. ಅದಕ್ಕೆಷ್ಟು ಸ್ಟಾರ್ ಬರ್ತಾವ ಅದನ್ನೂ ಒಂದೀಟು ನೋಡಿಬಿಡ್ರಿ.”

ಹುಡುಗ ಸಿಕ್ಕಿದ್ದೇ ಸಮಯ ಅಂತ ಮಹಡಿ ಹತ್ತಿದ. ಎಕ್ಸೆಲ್ ಆಗಲೇ ಶೀಟಿನಲ್ಲಿ ಹೊಸ ಸಾಲು ಸೇರಿಸಿ ಎರಡು ಸ್ಟಾರ್ ಹಾಕಿದ್ದ. ಹುಬ್ಬಳ್ಳಿ ಮೂರು ಬೇಕೇ ಬೇಕು ಅಂತ ಪಟ್ಟು ಹಿಡಿದ. ಒಳ್ಳೊಳ್ಳೆ ಕಿಕ್ಕರುಗಳಿಗೇ ಮೂರಕ್ಕಿಂತ ಜಾಸ್ತಿ ಕೊಡುವುದು ಅಪರೂಪ, ಇವನಿನ್ನೂ ಬಿ ಟೀಮು ಅಂತ ಎಕ್ಸೆಲ್. ಅರ್ಧ ಗಂಟೆ ಎಳೆದಾಡಿ ಕೊನೆಗೆ ಒಪ್ಪಂದವಾಯಿತು: ಹುಡುಗ ಟೆಕ್ಸಸ್‌ಗೆ ಬಂದರೆ ಮೂರು ಸ್ಟಾರ್, ಒಕ್ಲಹೋಮಕ್ಕೆ ಹೋದರೆ ಎರಡೇ.