ರೆಮಿಂಗ್ಟನ್ 700: ಎಜೆಕ್ಟರ್ ಪಿನ್ ಅಲುಗಾಡುತ್ತಲೇ ಇಲ್ಲ, ಏನು ಮಾಡೋದು?

ಹಳೇಬೋಲ್ಟ್:
ನಮಸ್ಕಾರ. ನನ್ನ ಹತ್ತಿರ ಇರುವುದು .308 ತೋಟಾ ಹಾಕುವ ರೆಮಿಂಗ್ಟನ್ 700 ರೈಫಲ್, ಹಳೆಯದು. ಈಚೆಗೆ ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಆಡಿಸುವ ಭಾಗ) ಹಿಂದಕ್ಕೆ ಎಳೆದರೆ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ) ತೋಟಾ ಕೂರುವ ಚೇಂಬರ್‌ನಿಂದ ಸಲೀಸಾಗಿ ಈಚೆ ಬರುತ್ತದೆ, ಆದರೆ ಹೊರಗೆ ಹಾರುವುದಿಲ್ಲ, ಬೋಲ್ಟ್ ಮುಖಕ್ಕೆ ಅಂಟಿಕೊಂಡೇ ಇರುತ್ತದೆ, ಇಲ್ಲಾಂದ್ರೆ ಸುಮ್ನೆ ಮ್ಯಾಗಜಿನ್ ಮೇಲೆ ಬಿದ್ದುಕೊಳ್ಳುತ್ತದೆ. ಅಂದರೆ ಕೇಸ್ ಹಿಡಿದು ಎಳೆಯುವ ಎಕ್ಸ್‌ಟ್ರ್ಯಾಕ್ಟರ್ ಸರಿ ಇದೆ, ಅದನ್ನು ಹೊರಗೆ ಹಾರಿಸುವ ಎಜೆಕ್ಟರ್‌ನ ಸ್ಪ್ರಿಂಗ್ ಸತ್ತಿದೆ ಅಂತ ನನ್ನ ಲೆಕ್ಕ. ಹೊಸ ಎಜೆಕ್ಟರ್, ಸ್ಪ್ರಿಂಗ್, ಪಿನ್ ಮೂರೂ ತರಿಸಿದ್ದೇನೆ. ತೊಂದರೆ ಏನಂದ್ರೆ ಎಜೆಕ್ಟರ್ ಹಿಡಿದಿಡುವ ಹಳೆ ಪಿನ್ ಬರುತ್ತಿಲ್ಲ. ಬೋಲ್ಟ್ ತಲೆಯಲ್ಲಿ ಅಡ್ಡಲಾಗಿ ಕೂತಿರುವ 1/16 ಇಂಚಿನ ಸಣ್ಣ ಪಿನ್, ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿದ್ದೂ ಆಯ್ತು. ಯಾವ ಕಡೆಯಿಂದ ಹೊಡೆಯಬೇಕು? ಸ್ವಲ್ಪ ಬಿಸಿ ಮಾಡಬಹುದಾ? ಕೊನೆಗೆ ಡ್ರಿಲ್ ಹಾಕಿ ತೆಗೆದುಬಿಡಲಾ?

ಎಣ್ಣೆಬಟ್ಟೆ:
ತಡೀರಿ ಗುರುಗಳೇ, ಡ್ರಿಲ್ ಕೆಳಗಿಡಿ. ಮೊದಲು ಪಿನ್ ತೆಗೆಯಲೇಬೇಕಾ ಅಂತ ನೋಡಿ. ಬೋಲ್ಟ್ ಮುಖದಲ್ಲಿ ಸಣ್ಣ ಗುಂಡಿಯ ಹಾಗೆ ಕಾಣುತ್ತದಲ್ಲ, ಅದೇ ಎಜೆಕ್ಟರ್. ಪಂಚ್ (ಪಿನ್ ಹೊಡೆದು ತೆಗೆಯುವ ಉಕ್ಕಿನ ಕಡ್ಡಿ) ತುದಿಯಿಂದ ಅದನ್ನು ಒಳಗೆ ಒತ್ತಿ ಬಿಡಿ. ಟಕ್ ಅಂತ ವಾಪಸ್ ಬಂದರೆ ಸ್ಪ್ರಿಂಗ್ ಜೀವಂತವಾಗಿದೆ. ನಿಧಾನಕ್ಕೆ ಬಂದರೆ, ಅಥವಾ ಅರ್ಧಕ್ಕೇ ನಿಂತರೆ, ಹೆಚ್ಚಿನ ಸಲ ಕಾರಣ ಕೊಳೆ. ಪ್ರತಿ ಕೇಸೂ ಆ ರಂಧ್ರದ ಅಂಚಿಗೆ ಉಜ್ಜಿ ಹಿತ್ತಾಳೆಯ ಸಣ್ಣ ಚೂರು ಬಿಡುತ್ತದೆ, ಅದು ಒಣಗಿದ ಎಣ್ಣೆ ಜೊತೆ ಸೇರಿ ಒಳಗೆ ಗಟ್ಟಿಯಾಗುತ್ತದೆ. ಫೈರಿಂಗ್ ಪಿನ್ (ತೋಟಾ ಹಿಂಬದಿಗೆ ಹೊಡೆದು ಅದನ್ನು ಸಿಡಿಸುವ ಕಡ್ಡಿ) ಜೋಡಣೆಯನ್ನು ತಿರುಗಿಸಿ ತೆಗೆದಿಟ್ಟು, ಎಜೆಕ್ಟರ್ ಸುತ್ತ ಕೊಳೆ ಕರಗಿಸುವ ಸಾಲ್ವೆಂಟ್ ಹಾಕಿ, ಒತ್ತಿ ಬಿಡಿ, ಒತ್ತಿ ಬಿಡಿ. ಕಪ್ಪು ನೀರು, ಅದರಲ್ಲಿ ಹೊಳೆಯುವ ಚೂರು ಬರುತ್ತಲೇ ಇದ್ದರೆ ನಿಮ್ಮ ಉತ್ತರ ಸಿಕ್ಕಿದ ಹಾಗೆ.

ಇನ್ನೊಂದು, ನೆನೆಸಿದ ಆ ಎಣ್ಣೆಯನ್ನು ಬೋಲ್ಟ್ ಒಳಗಿಂದ ಪೂರ್ತಿ ಒರೆಸಿ. ಫೈರಿಂಗ್ ಪಿನ್ ಓಡಾಡುವ ಜಾಗದಲ್ಲಿ ಎಣ್ಣೆ ಉಳಿದರೆ ಚಳಿಯಲ್ಲಿ ಮಂದವಾಗಿ, ಪಿನ್ ಹೊಡೆತ ದುರ್ಬಲವಾಗುತ್ತದೆ.

ಹಳೇಬೋಲ್ಟ್:
ಒತ್ತಿ ನೋಡಿದೆ. ಸಾಲ್ವೆಂಟ್ ಹಾಕಿದ ಮೇಲೆ ಚೂರು ಬಂತು, ಚಲನೆಯೂ ಸರಿಯಾಯಿತು, ಆದರೆ ಬಲ ಇಲ್ಲ. ಉಗುರಿನಲ್ಲಿ ಒತ್ತಿದರೂ ಪೂರ್ತಿ ಒಳಗೆ ಹೋಗುತ್ತದೆ. ಹಾಗಾಗಿ ಸ್ಪ್ರಿಂಗ್ ಬದಲಿಸಲೇಬೇಕು.

ಸುತ್ತಿಗೆಸದ್ದು:
ಹಾಗಾದ್ರೆ ಪಿನ್ ವಿಷಯಕ್ಕೆ ಬರೋಣ. ಯಾವ ಕಡೆಯಿಂದ ಅನ್ನುವುದಕ್ಕೆ ಮೊದಲು ಅದು ಯಾವ ತರಹದ ಪಿನ್ ಅಂತ ಭೂತಗನ್ನಡಿ ಹಿಡಿದು ನೋಡಿ. ತುದಿಯಲ್ಲಿ ಸೀಳು ಕಂಡರೆ ಅದು ರೋಲ್ ಪಿನ್, ತಗಡು ಸುರುಳಿ ಸುತ್ತಿದ್ದು, ಎರಡು ಕಡೆಯೂ ಒಂದೇ. ತುಂಬಿದ ಕಂಬಿಯಾಗಿದ್ದು ಒಂದು ತುದಿಗೆ ಗೀರು ಹೊಡೆದಿದ್ದರೆ ಆ ಗೀರಿನ ತುದಿ ಮೊದಲು ಹೊರಗೆ ಬರಬೇಕು, ಅಂದರೆ ನೀವು ಎದುರು ಕಡೆಯಿಂದ ಹೊಡೆಯಬೇಕು. ಉಲ್ಟಾ ಹೊಡೆದರೆ ಪಿನ್ ಇನ್ನೂ ಬಿಗಿಯಾಗುತ್ತದೆ.

ಆದರೆ ನಿಮ್ಮ ಪಿನ್ ಅಲುಗದಿರುವುದಕ್ಕೆ ನನ್ನ ಮೊದಲ ಅನುಮಾನ ಬೇರೆ. ಎಜೆಕ್ಟರ್‌ನ ಪಕ್ಕದಲ್ಲಿ ಒಂದು ಕಚ್ಚು ಇರುತ್ತದೆ, ಪಿನ್ ಆ ಕಚ್ಚಿನೊಳಗೆ ಹಾದುಹೋಗುತ್ತದೆ. ಹಿಂದಿನಿಂದ ಸ್ಪ್ರಿಂಗ್ ತಳ್ಳುತ್ತಿರುವುದರಿಂದ ಎಜೆಕ್ಟರ್ ಯಾವಾಗಲೂ ಪಿನ್ ಮೇಲೆ ಒರಗಿರುತ್ತದೆ. ಅದನ್ನು ಹಾಗೇ ಬಿಟ್ಟು ಹೊಡೆದರೆ ಪಿನ್ ಕಚ್ಚಿಕೊಳ್ಳುತ್ತದೆ. ಇನ್ನೊಬ್ಬರನ್ನು ಕರೆದು ಹಿತ್ತಾಳೆ ಕಡ್ಡಿಯಿಂದ ಎಜೆಕ್ಟರ್ ಸ್ವಲ್ಪ ಒಳಗೆ ಒತ್ತಿ ಹಿಡಿಯಲು ಹೇಳಿ, ಆಗ ಹೊಡೆಯಿರಿ. ವ್ಯತ್ಯಾಸ ಗೊತ್ತಾಗುತ್ತದೆ.

ಪಂಚ್ ಎರಡು ಬೇಕು. ಶುರುವಿಗೆ ಗಿಡ್ಡದ್ದು, ಬುಡ ದಪ್ಪ ಇರುವಂಥದ್ದು. ಅದು ಬಾಗುವುದಿಲ್ಲ. ಪಿನ್ ಸ್ವಲ್ಪ ಸರಿದ ಮೇಲೆ ಉದ್ದದ್ದು. ರೋಲ್ ಪಿನ್ ಆದರೆ ತುದಿಯ ಮಧ್ಯದಲ್ಲಿ ಸಣ್ಣ ಉಬ್ಬು ಇರುವ ಪಂಚೇ ಆಗಬೇಕು, ಚಪ್ಪಟೆ ತುದಿಯದ್ದು ಸುರುಳಿಯ ಬಾಯಿ ಅಗಲ ಮಾಡಿ ಅಲ್ಲೇ ಕೂರಿಸಿಬಿಡುತ್ತದೆ. ಬೋಲ್ಟ್ ತಲೆಯನ್ನು ಗಟ್ಟಿ ಮರದ ತುಂಡಿನ ಮೇಲೆ ಇಡಿ, ಪಿನ್ ಬೀಳುವ ಜಾಗದಲ್ಲಿ ತೂತು ಇರಲಿ. ಹತ್ತು ಮೆತ್ತಗಿನ ಏಟಿಗಿಂತ ಒಂದು ಚುರುಕಾದ ಏಟು ವಾಸಿ. ಪಂಚ್ ಜಾರಿ ಲಗ್ (ಬೋಲ್ಟ್ ತಲೆಯನ್ನು ರೈಫಲ್ಲಿಗೆ ಬೀಗದಂತೆ ಕೂರಿಸುವ ಚಾಚು) ಅಂಚಿಗೆ ಬಿದ್ದರೆ ಅಲ್ಲಿ ಎದ್ದ ಚೂಪು ಆಮೇಲೆ ಬೋಲ್ಟ್ ಮುಚ್ಚುವಾಗ ಕಾಡುತ್ತದೆ.

ಬಿಸಿ ಮಾಡಬೇಡಿ. ಬೆಂಕಿ ಅಂತೂ ಬೇಡವೇ ಬೇಡ. ಗುಂಡು ಹಾರುವಾಗ ಪೂರ್ತಿ ಒತ್ತಡ ತಡೆಯುವುದೇ ಆ ಲಗ್‌ಗಳು, ಹದ ಮಾಡಿದ ಉಕ್ಕು ಅದು, ಹದ ಹೋದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಡ್ರಿಲ್ಲೂ ಅಷ್ಟೇ: ಪಿನ್ ಗಟ್ಟಿ, ಬಿಟ್ ಪಕ್ಕಕ್ಕೆ ಜಾರುತ್ತದೆ, ತೂತು ಅಗಲವಾದರೆ ಆ ಬೋಲ್ಟ್ ಕಥೆ ಮುಗೀತು. ಇಷ್ಟೆಲ್ಲ ಮಾಡಿಯೂ ಬರದಿದ್ದರೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಡಿ, ಅದರಲ್ಲಿ ಅವಮಾನ ಏನಿಲ್ಲ.

ಎಣ್ಣೆಬಟ್ಟೆ:
ಕನ್ನಡಕ ಹಾಕಿಕೊಳ್ಳಿ ಅಂತ ಯಾರೂ ಹೇಳಲಿಲ್ಲವಲ್ಲ! ಪಿನ್ ಈಚೆ ಬಂದ ಕ್ಷಣ ಎಜೆಕ್ಟರ್ ನೇರ ಮುಖಕ್ಕೆ ಬರುತ್ತದೆ. ಬೋಲ್ಟ್ ತಲೆಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕೆಲಸ ಮಾಡಿದರೆ ಸ್ಪ್ರಿಂಗ್ ಹುಡುಕುತ್ತಾ ನೆಲ ಗುಡಿಸುವುದೂ ತಪ್ಪುತ್ತದೆ. ಪಿನ್ ಪೂರ್ತಿ ಕಿತ್ತು ಹಾಕಬೇಕಾಗಿಯೂ ಇಲ್ಲ, ಎಜೆಕ್ಟರ್ ಬಿಡುವಷ್ಟು ಸರಿದರೆ ಸಾಕು.

ಒಂಟಿಗುರಿ:
ನಾನು ಟಾರ್ಗೆಟ್ ಹೊಡೆಯುವವನು, ಹೊಸ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಹಾಕಿ ಅಂತೀನಿ. ಈ ಎಜೆಕ್ಟರ್ ತೋಟಾವನ್ನು ಚೇಂಬರ್‌ನಲ್ಲೂ ಒಂದು ಪಕ್ಕಕ್ಕೆ ಒತ್ತುತ್ತಲೇ ಇರುತ್ತದೆ, ಮತ್ತೆ ಖಾಲಿ ಕೇಸ್ ದೂರ ಹಾರಿ ಬಾಯಿ ನೆಗ್ಗುತ್ತದೆ. 1898ರ ಮೌಸರ್ ರೈಫಲ್‌ನಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿ ಎಜೆಕ್ಟರ್ ಸುಮ್ನೆ ಒಂದು ಪಟ್ಟಿ, ನೀವು ಬೋಲ್ಟ್ ಎಷ್ಟು ಜೋರಾಗಿ ಎಳೆದರೆ ಕೇಸ್ ಅಷ್ಟು ದೂರ.

ಸುತ್ತಿಗೆಸದ್ದು:
ಬೆಂಚ್ ಮೇಲೆ ಕೂತು ಹೊಡೆಯುವವರಿಗೆ ಸರಿ ಅಣ್ಣಾ, ಇವರಿಗೆ ಕೇಸ್ ಹಾರುತ್ತಿಲ್ಲ ಅನ್ನುವುದೇ ದೂರು. ಮೊದಲು ಪೂರ್ತಿ ಸ್ಪ್ರಿಂಗ್ ಹಾಕಲಿ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡೋಕಾಗಲ್ಲ, ಅಲ್ವಾ?

ಹಳೇಬೋಲ್ಟ್:
ಬಂತು! ತಮ್ಮ ಎಜೆಕ್ಟರ್ ಒತ್ತಿ ಹಿಡಿದ, ಗಿಡ್ಡ ಪಂಚ್‌ಗೆ ಎರಡನೇ ಏಟಿಗೇ ಸರಿಯಿತು. ಈಗ ಹೊಸದು ಹಾಕುವಾಗ ಸ್ಪ್ರಿಂಗ್ ಒತ್ತಿಕೊಂಡು ಪಿನ್ ತೂತಿಗೆ ಹೊಂದಿಸುವುದೇ ಕಷ್ಟವಾಗಿದೆ, ಕೈ ಮೂರು ಬೇಕು.

ಸುತ್ತಿಗೆಸದ್ದು:
ಕಚ್ಚು ಪಿನ್ ತೂತಿನ ಕಡೆಗೇ ತಿರುಗಿರಲಿ. ಎಜೆಕ್ಟರ್ ಒತ್ತಿ, ಎದುರು ಕಡೆಯಿಂದ ಪಂಚ್ ತೂರಿಸಿ ಅದನ್ನೇ ತಾತ್ಕಾಲಿಕ ಪಿನ್ ಮಾಡಿಕೊಳ್ಳಿ, ಆಮೇಲೆ ಹೊಸ ಪಿನ್ ಈ ಕಡೆಯಿಂದ ಹೊಡೆಯುತ್ತಾ ಬಂದರೆ ಅದೇ ಪಂಚನ್ನು ಆಚೆ ತಳ್ಳುತ್ತದೆ. ಎರಡು ತುದಿಯ ಮೇಲೂ ಉಗುರು ಎಳೆದು ನೋಡಿ, ಎಲ್ಲೂ ತಡೆಯಬಾರದು, ಪಿನ್ ಕೂದಲಷ್ಟು ಒಳಗೇ ಇರಬೇಕು. ಆಮೇಲೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಬೋಲ್ಟ್ ಆಡಿಸಿ, ಮುಚ್ಚುವಾಗ ಎಲ್ಲೂ ಉಜ್ಜದಿದ್ದರೆ ಮಾತ್ರ ರೇಂಜಿಗೆ ತೆಗೆದುಕೊಂಡು ಹೋಗಿ.