1959ರ ಇಂಪಾಲಾದ ರೆಕ್ಕೆಗಳು ಎರಡೇ ವರ್ಷದಲ್ಲಿ ಮಾಯವಾದದ್ದೇಕೆ?

ಪ್ರಶ್ನೆ: 1958ರಲ್ಲಿ ಅಮೆರಿಕದ ಕಾರು ಕಂಪನಿ ಷೆವ್ರೊಲೆಯ ಬೆಲ್ ಏರ್ ಸಾಲಿನ ಮೇಲ್ದರ್ಜೆಯ ಮಾದರಿಯಾಗಿ ಬಂದ ಇಂಪಾಲಾಕ್ಕೆ ಮರುವರ್ಷವೇ ಬಾವಲಿಯಂತೆ ಅಡ್ಡಲಾಗಿ ಚಾಚಿದ ಹಿಂರೆಕ್ಕೆಗಳೂ ಅವುಗಳಡಿ ಬೆಕ್ಕಿನ ಕಣ್ಣಿನಂಥ ದೀಪಗಳೂ ಮೂಡಿದವು. 1961ರ ಕಾರಿನಲ್ಲಿ ಅವು ಕಾಣುವುದಿಲ್ಲ. ಇಷ್ಟು ಬೇಗ ಮನಸ್ಸು ಬದಲಾದದ್ದೇಕೆ?

ಉತ್ತರ 1: ರೆಕ್ಕೆಗಳು ಹುಟ್ಟಿದ್ದೇ ಪೈಪೋಟಿಯ ಗಾಬರಿಯಿಂದ. ಪ್ರತಿಸ್ಪರ್ಧಿ ಕ್ರೈಸ್ಲರ್‌ನ 1957ರ ಕಾರುಗಳ ತಗ್ಗಾದ ಮೈಯನ್ನೂ ಎತ್ತರದ ರೆಕ್ಕೆಗಳನ್ನೂ ಕಂಡ, ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ವಿನ್ಯಾಸಕರು, 1959ಕ್ಕೆಂದು ರೂಪಿಸುತ್ತಿದ್ದ ಆಕಾರಗಳನ್ನು ಬದಿಗಿಟ್ಟು ಹೊಸದಾಗಿ ಗೆರೆ ಎಳೆಯತೊಡಗಿದರು. ಅಲ್ಲಿನ ವಿನ್ಯಾಸ ವಿಭಾಗದ ಮುಖ್ಯಸ್ಥ, ಕ್ರೋಮ್ ಅಲಂಕಾರದ ಮೋಹಿ ಹಾರ್ಲಿ ಅರ್ಲ್ 1958ರಲ್ಲಿ ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಬಂದ ಬಿಲ್ ಮಿಚೆಲ್ ಅವರಿಗೆ ಇಸ್ತ್ರಿ ಮಡಿಕೆಯಂಥ ಚೂಪು ಗೆರೆಗಳು ಇಷ್ಟ. 1961ರ ಮೈ ಅವರ ಅಭಿರುಚಿಯದು. ನನಗಂತೂ ಅದೇ ಹೆಚ್ಚು ಸೊಗಸು.

ಉತ್ತರ 2: ರೆಕ್ಕೆ ಹೋದರೂ ಗುರುತು ಉಳಿಯಿತು. ಷೆವ್ರೊಲೆಯದೇ ಅಗ್ಗದ ಮಾದರಿ ಬಿಸ್ಕೇನ್‌ಗೆ ಹಿಂಬದಿಯ ಪ್ರತಿ ಪಕ್ಕದಲ್ಲಿ ಎರಡು ದುಂಡು ದೀಪ, ಇಂಪಾಲಾಕ್ಕೆ ಮೂರು. 1965ರಲ್ಲಿ ಕಾರಿನ ಮೈಯನ್ನು ಹೊರುವ ಎಕ್ಸ್ ಆಕಾರದ ಚೌಕಟ್ಟಿನ ಬದಲು ಅಂಚಿನುದ್ದಕ್ಕೂ ಸುತ್ತುವ ಚೌಕಟ್ಟು ಬಂತು. ಆ ವರ್ಷದ ಮಾರಾಟ 10 ಲಕ್ಷ ದಾಟಿತು.

ಪ್ರಶ್ನಿಸಿದವರು: ಧನ್ಯವಾದಗಳು. ಹಾಗಾದರೆ 1977ರಲ್ಲಿ ಸುಮಾರು 300 ಕಿಲೋ ಇಳಿಸಿಕೊಂಡು ಉದ್ದದಲ್ಲಿ ಗಿಡ್ಡವಾದರೂ ತಲೆಯ ಮೇಲಿನ ಜಾಗವನ್ನೂ ಡಿಕ್ಕಿಯನ್ನೂ ಹಿಗ್ಗಿಸಿಕೊಂಡದ್ದೇ ನಿಜವಾದ ತಿರುವು ಎನ್ನಬಹುದೇ?

ಉತ್ತರ 1: ಎಂಜಿನಿಯರನನ್ನು ಕೇಳಿದರೆ ಹೌದು.